ಕಾರವಾರದ ಸಮುದ್ರದಲ್ಲಿ ಉಳಿವೆಪ್ಪ

"ಉಳಿವೆಪ್ಪನ ಕಾಲು ಮುರದೈತಿ. ಅವನ್ನ ಎಲ್ಲಿ ಬಿಟ್ಟು ಬಂದೇನಿ ಅನ್ನೋದು ನನಗ ತಿಳೀವಲ್ದು."

ಸರ್ವೇ ತಂಡದ ಹಿರಿಯ ಕುಬೇರಪ್ಪನವರು ಹಾನಗಲ್ಲಿನ ಪ್ರವಾಸಿ ಮಂದಿರದ ಮೆಟ್ಟಿಲ ಮೇಲೆ ಕುಸಿದು ಕೂತರು. ಅಂಗಿ ಹರಿದಿತ್ತು. ಕೈಯಲ್ಲೊಂದು ಕ್ಯಾಸೆಟ್ ಇತ್ತು.

೧೯೮೫ರ ಮಳೆಗಾಲದ ಕೊನೆ. ಪಡುವಣ ಕಾಡಿನ ನಕಾಶೆ ತಿದ್ದಲು ಮೂವರು ಬಂದಿದ್ದರು. ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್ ಹೊತ್ತು ಕುಬೇರಪ್ಪನವರೂ ಉಳಿವೆಪ್ಪನೂ ಕಾಡು ಹೊಕ್ಕಿದ್ದರು. ಅದು ಕ್ಯಾಸೆಟ್ಟಿಗೆ ತುಂಬಿದ ಅಂಕಿಗಳನ್ನು ಬಿಡಿಸಿ, ನಿಂತ ಜಾಗ ಹೇಳುವ ಪ್ರೋಗ್ರಾಮು ಸವಣೂರಿನ ಜಯತೀರ್ಥನದು. ಅವನು ಕಂಪ್ಯೂಟರಿನ ಜತೆ ಮಂದಿರದಲ್ಲೇ ಉಳಿದಿದ್ದ.

ಮಂಜಿನಲ್ಲಿ ದಾರಿ ತಪ್ಪಿದ ಇಬ್ಬರೂ ಸಿಕ್ಕ ಬೋಳು ಬಂಡೆಯ ಮೇಲೆ ತಂಗಿ, ನಸುಕಿನಲ್ಲಿ ಒಂದು ಉಪಗ್ರಹದ ಸಂಕೇತ ಹಿಡಿದಿದ್ದರು. ಆಮೇಲೆ ಉಳಿವೆಪ್ಪ ಜಾರಿ ಬಿದ್ದ. ಸಹಾಯಕ್ಕೆಂದು ಇಳಿದ ಕುಬೇರಪ್ಪನವರು ಎಲ್ಲೆಲ್ಲೋ ಸುತ್ತಿ ಮುಂಡಗೋಡ ರಸ್ತೆ ಸೇರಿ, ಲಾರಿ ಹತ್ತಿ ಬಂದಿದ್ದರು. ಉಳಿವೆಪ್ಪನ ಬಳಿ ಇದ್ದದ್ದು ಒಂದು ಬಾಟಲಿ ನೀರು. ಬಂಡೆಯ ಸುತ್ತ ಕರಡಿಯ ಹೆಜ್ಜೆ.

ಜಯತೀರ್ಥ ಕ್ಯಾಸೆಟ್ ಹಾಕಿ, ಕುಬೇರಪ್ಪನವರು ಅದರ ಬೆನ್ನಿಗೆ ಬರೆದಿದ್ದ ತಾರೀಖು ಒತ್ತಿದ. ಬಹಳ ಹೊತ್ತು ತಿಣುಕಿ ಕಂಪ್ಯೂಟರು ಉತ್ತರ ಕೊಟ್ಟಿತು. ನಕಾಶೆಯ ಮೇಲೆ ಅವನ ಬೆರಳು ಹಾನಗಲ್ಲು ಬಿಟ್ಟು, ಘಟ್ಟ ಇಳಿದು, ಕಾರವಾರದ ಸಮುದ್ರದಲ್ಲಿ ಮುಳುಗಿತು.

ಮತ್ತೆ ಓಡಿಸಿದ. ಮತ್ತೆ ಸಮುದ್ರ.

ಟೇಪು ನೆನೆದಿರಬಹುದೇ? ನಿನ್ನೆ ಮಧ್ಯಾಹ್ನ ಇದೇ ಅಂಗಳದಲ್ಲಿ ತುಂಬಿದ ಇನ್ನೊಂದು ಕ್ಯಾಸೆಟ್ ಹಾಕಿ ನೋಡಿದ. ಅದು ನೆಟ್ಟಗೆ ಹಾನಗಲ್ಲನ್ನೇ ತೋರಿಸಿತು. ಯಂತ್ರ ಸರಿ, ಪ್ರೋಗ್ರಾಮು ಸರಿ. ಉಳಿವೆಪ್ಪ ಮಾತ್ರ ಸಮುದ್ರಪಾಲು.

ಕುಬೇರಪ್ಪನವರು ತಮ್ಮಷ್ಟಕ್ಕೆ ಹಲುಬುತ್ತಿದ್ದರು. "ಇನ್ನೂ ಕತ್ತಲಿತ್ತು. ಸೂರ್ಯ ಹುಟ್ಟಿದ್ರ ಅವ ಬೀಳ್ತಿದ್ದಿಲ್ಲ."

ಜಯತೀರ್ಥನ ಕೈ ನಿಂತಿತು. "ಸೂರ್ಯ ಹುಟ್ಟಿರಲಿಲ್ಲೇನ್ರಿ? ಹಂಗಾರ ಅದು ಮಂಗಳವಾರ."

"ಇವತ್ತ ಬುಧವಾರ, ಮಾರಾಯ."

"ನಮ್ಮನ್ಯಾಗ ದಿನ ಬದಲಾಗೋದು ಸೂರ್ಯ ಹುಟ್ಟಿದ ಮ್ಯಾಲರಿ. ಪ್ರೋಗ್ರಾಮಿಗೂ ಹಂಗ ಕಲಿಸೇನಿ."

ಕುಬೇರಪ್ಪನವರು ಅವನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ.

ಪಂಚಾಂಗದ ಮನೆಯಲ್ಲಿ ಬೆಳೆದವನಿಗೆ ಅದು ಎಷ್ಟು ಸಹಜವೆಂದರೆ, ಯಾರಿಗೂ ಹೇಳಬೇಕೆಂದೇ ತೋಚಿರಲಿಲ್ಲ. ಗ್ರೀನ್‌ವಿಚ್‌ನಲ್ಲಿ ಮಧ್ಯರಾತ್ರಿಯಾಗಿ ಉಪಗ್ರಹದ ತಾರೀಖು ಬದಲಾಗುವಾಗ ಇಲ್ಲಿ ಬೆಳಗಿನ ಐದೂವರೆ. ಹಾಗಾಗಿ ಇಷ್ಟು ದಿನ ಲೆಕ್ಕವೂ ಹೊಂದಿಕೊಂಡಿತ್ತು. ಒಂದು ದಿನ ಹೆಚ್ಚಾದದ್ದಕ್ಕೆ ಭೂಮಿ ಲೆಕ್ಕದಲ್ಲಿ ಪೂರ್ತಿ ಒಂದು ಸುತ್ತಿಗಿಂತ ಒಂದಿಷ್ಟು ಹೆಚ್ಚು ತಿರುಗಿ, ಉಳಿವೆಪ್ಪನನ್ನು ಕಡಲಿಗೆ ಎಸೆದಿತ್ತು.

ಜಯತೀರ್ಥ ಹಿಂದಿನ ದಿನದ ತಾರೀಖು ಒತ್ತಿದ. ಬೆರಳು ಕಾಡಿಗೆ ಮರಳಿತು.

ಜೀಪು ಕಾಡಿನಂಚಿನ ಹಳ್ಳದವರೆಗೆ ಹೋಯಿತು. ಅಲ್ಲಿಂದ ನಡಿಗೆ. ದಿಕ್ಸೂಚಿ ಹಿಡಿದು ಇಬ್ಬರೂ ಬಿದಿರ ಮೆಳೆಗಳ ನಡುವೆ ಏರಿದರು. ಎತ್ತ ನೋಡಿದರೂ ಒಂದೇ ಬಿಳುಪು. ಮರಗಳು ಹತ್ತಿರ ಬಂದಾಗಷ್ಟೇ ಮರಗಳಾಗುತ್ತಿದ್ದವು. ಇಂಬಳಗಳು ರಕ್ತ ಹೀರುತ್ತ ಕಾಲಿಗೆ ಜೋತುಬಿದ್ದವು.

ಎದುರಿನ ಪೊದೆ ಅಲುಗಿತು.

ಕರಡಿ. ಮೂಗೆತ್ತಿತು. ಇಬ್ಬರೂ ಮೆಳೆಯ ಹಿಂದೆ ಸರಿದರು. ಅದು ಗೊಣಗುತ್ತ ಇಳಿದುಹೋಯಿತು.

ಗುರುತು ಹಾಕಿದ ಜಾಗಕ್ಕೆ ಬಂದರೂ ಬಂಡೆಯ ಸುಳಿವಿರಲಿಲ್ಲ. ಕೂಗಿದರು, ಮಂಜು ಕೂಗನ್ನು ನುಂಗಿತು. ಅಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು, ಥೇಟ್ ಕುಬೇರಪ್ಪನವರ ಕೆಮ್ಮು.

"ನೀವು ಕೆಮ್ಮಿದ್ರ್ಯಾ?" ಜಯತೀರ್ಥ ಕೇಳಿದ.

"ಇಲ್ಲೋ."

ಮಂಜಿನೊಳಗಿಂದ ಕುಬೇರಪ್ಪನವರದೇ ದನಿ, ತುಸು ಒಣಗಿದ್ದು, ಕೇಳಿಸಿತು: "ಬ್ಯಾಟರಿ ಜ್ವಾಕಿ, ತಮ್ಮಾ."

ಊರೂರಲ್ಲಿ ತಮ್ಮ ಕೆಮ್ಮನ್ನೂ ಈ ಮಾತನ್ನೂ ಅಣಕಿಸಿ ನಗಿಸುತ್ತಿದ್ದವನನ್ನು ಕುಬೇರಪ್ಪನವರು ಓಡಿಹೋಗಿ ತಬ್ಬಿಕೊಂಡರು. ಉಳಿವೆಪ್ಪ ರಿಸೀವರಿನ ಪೆಟ್ಟಿಗೆಗೆ ಒರಗಿ ಕೂತಿದ್ದ. ಬಾಟಲಿ ಖಾಲಿಯಾಗಿತ್ತು. ನೀರು ಕುಡಿಸಿ, ಕಾಲಿಗೆ ಬಿದಿರ ದಬ್ಬೆ ಕಟ್ಟಿ, ಕಂಬಳಿಯ ಜೋಲಿಯಲ್ಲಿ ಮಲಗಿಸಿದರು.

ಇಳಿಯುವಾಗ ಜಯತೀರ್ಥ ಸಮುದ್ರದ ವಿಷಯ ಹೇಳಿಯೇಬಿಟ್ಟ.

"ಏನ್ರಿ ಆಚಾರ್ರ," ಉಳಿವೆಪ್ಪ ನರಳುತ್ತಲೇ ಅಂದ, "ನನಗ ಈಸು ಬರೂದಿಲ್ಲ ಅನ್ನೋದು ನಿಮಗ ಗೊತ್ತಿತ್ತಲ್ಲ?"

ವಾರದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಉಳಿವೆಪ್ಪನನ್ನೇ ಕಂಪ್ಯೂಟರಿನ ಮುಂದೆ ಕೂರಿಸಿ, ನಸುಕಿನಲ್ಲಿ ತುಂಬಿದ ಆ ಕ್ಯಾಸೆಟ್ಟನ್ನೇ ಹಾಕಿದರು. ಪರದೆಯ ಮೇಲೆ ಹೊಸದೊಂದು ಪ್ರಶ್ನೆ ಮಿನುಗುತ್ತಿತ್ತು: ಸೂರ್ಯ ಹುಟ್ಟಿದ್ದಾನೆಯೇ?

ಉಳಿವೆಪ್ಪ ಕಿಟಕಿಯತ್ತ ತಿರುಗಿ, ಬಿಸಿಲು ನೋಡಿ, ಹೌದು ಎಂದು ಒತ್ತಿದ.