ಮುಗಿಯದ ಚೌಕ

ನನ್ನ ಗಂಡ ಹಾತಿಮ್ ತೀರಿಕೊಂಡ ಐದು ತಿಂಗಳ ಮೇಲೆ, ಅವನು ಅರ್ಧಕ್ಕೆ ಬಿಟ್ಟ ಸಸ್ಯಪಟ್ಟಿಯನ್ನು ಮುಗಿಸಲು ಕಸ್ಸರೀನ್‌ನ ಹುಲ್ಲುಗಾವಲಿಗೆ ಹೋದೆ. ಪಟ್ಟಿ ಪೂರ್ಣವಾಗದಿದ್ದರೆ ಅವನು ಗುರುತಿಸಿದ ಸಸ್ಯಸಮುದಾಯ, ಅಂದರೆ ಒಟ್ಟಿಗೆ ಬೆಳೆಯುವ ಗಿಡಗಳ ಗುಂಪು, ಟುನೀಷಿಯಾದ ಸಸ್ಯಸಮುದಾಯಗಳ ಸೂಚಿಯಿಂದ ಬಿಟ್ಟುಹೋಗುತ್ತಿತ್ತು. ಅವನದೆಂದು ಉಳಿದಿದ್ದು ಅದೊಂದೇ.

ಸಸ್ಯಶಾಸ್ತ್ರಜ್ಞರಾದ ನಮ್ಮ ಕ್ರಮ ಸರಳ. ಹಗ್ಗದಿಂದ ಚೌಕ ಹಾಕಿ, ಮಂಡಿಯೂರಿ ಒಳಗಿನ ಗಿಡಗಳ ಹೆಸರು ಬರೆಯುತ್ತೇವೆ. ಚೌಕವನ್ನು ಇಮ್ಮಡಿ ಮಾಡುತ್ತ ಹೋಗಿ, ಹೊಸ ಗಿಡ ಸಿಗದಾದಾಗ ನಿಲ್ಲಿಸುತ್ತೇವೆ; ಪಟ್ಟಿ ಪೂರ್ಣವಾಗುವುದು ಆಗಲೇ.

ಅಂದು ಚೌಕ ಇಮ್ಮಡಿಸಿದ ಪ್ರತಿ ಸಲವೂ ಒಂದೇ ಒಂದು ಹೊಸ ಗಿಡ ಸಿಕ್ಕಿತು. ಅದರ ಪಕ್ಕದಲ್ಲೇ ಯಾರೋ ಮಂಡಿಯೂರಿದಂತೆ ಎರಡು ಗುಳಿ. ಮಧ್ಯಾಹ್ನದ ಬಿಸಿಲಿನಲ್ಲೂ ಅವು ಮುಟ್ಟಿದರೆ ತಣ್ಣಗಿದ್ದವು.

"ಸಾಕು ಮಗಳೇ," ಎಂದ ದಾರಿ ತೋರಿಸಲು ಬಂದಿದ್ದ ಮುದುಕ ತಯ್ಯಬ್. "ನಿನ್ನ ಗಂಡನೂ 'ಇದೊಂದೇ ಸಲ ಚಾಚಾ' ಅಂತ ಸಾಯೋವರೆಗೂ ಹಗ್ಗ ಎಳೆದ. ಎಲ್ಲಿ ನಿಲ್ಲಬೇಕು ಅಂತ ನನ್ನ ಕತ್ತೆಗೂ ಗೊತ್ತು, ಓದಿದೋರಿಗೆ ಗೊತ್ತಿಲ್ಲ."

"ಇದೊಂದೇ ಸಲ, ಚಾಚಾ," ಎಂದೆ.

ಆರನೆಯ ಸಲವೂ ಸಿಕ್ಕಿತು. ಆ ಆರು ಗಿಡಗಳನ್ನೂ ಪಟ್ಟಿಯಿಂದ ಬಿಟ್ಟು, 'ಹೊಸ ಗಿಡವಿಲ್ಲ' ಎಂದು ಸುಳ್ಳು ಬರೆದೆ. ಹಾತಿಮ್‌ನ ಸಸ್ಯಸಮುದಾಯ ಸೂಚಿಯಲ್ಲಿ ಅಚ್ಚಾಯಿತು.

ಮರುವರ್ಷ ವಿದ್ಯಾರ್ಥಿಗಳು ಅದೇ ಜಾಗವನ್ನು ಎಷ್ಟು ಅಳೆದರೂ ಪಟ್ಟಿಯಾಚೆಯ ಒಂದು ಗಿಡವೂ ಸಿಗಲಿಲ್ಲ. ಅಂದು ನಾನು ಕಿತ್ತು ತಂದು, ಒಣಗಲೆಂದು ಕಾಗದದ ನಡುವೆ ಒತ್ತಿಟ್ಟ ಆ ಆರು ಗಿಡಗಳು ಮೂರು ವರ್ಷವಾದರೂ ಒಣಗಿಲ್ಲ. ನಾಲ್ಕು ದಿನಕ್ಕೊಮ್ಮೆ ಕಾಗದ ಒದ್ದೆಯಾಗುತ್ತದೆ, ಬದಲಿಸುತ್ತೇನೆ.