ನೀರು ಕುಡಿಯದ ಬಟ್ಟೆ

ನೀರು ಕುಡಿಯದ ಡೆನಿಮ್‌ಗೆ ಕತ್ತರಿ ಹಾಕಬಾರದು. ಬಹಳ ಹಿಂದೆ ನೀಲವತಿ ಎಂಬ ರಾಜ್ಯದಲ್ಲಿ ಇದ್ದದ್ದು ಇದೊಂದೇ ಕಟ್ಟಳೆ. ಅದನ್ನು ಮುರಿಯದವರು ಕೊನೆಗೆ ಒಬ್ಬರೂ ಉಳಿಯಲಿಲ್ಲ.

ಕಟ್ಟಳೆಗೆ ಕಾರಣವಿತ್ತು. ಹೊಸ ಡೆನಿಮ್ ಮೊದಲ ಸಲ ನೆನೆದಾಗ ಕುಗ್ಗುತ್ತದೆ. ಆದ್ದರಿಂದ ಮಗ್ಗದಿಂದ ಇಳಿದ ಬಟ್ಟೆಯನ್ನು ನೀರಿನಲ್ಲಿ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ, ಅದು ಕುಗ್ಗುವಷ್ಟು ಕುಗ್ಗಿದ ಮೇಲೆಯೇ ಅಳತೆ ಹಿಡಿಯಬೇಕು.

ಅಂಥ ಬಟ್ಟೆ ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ. ಉದ್ದದ ಹಾಸುನೂಲನ್ನು ನೀಲಿಯ ಹೊಂಡದಲ್ಲಿ ಅದ್ದುತ್ತಿದ್ದರು, ಅಡ್ಡದ ಹೊಕ್ಕುನೂಲನ್ನು ಬಿಳಿಯಾಗಿಯೇ ಬಿಡುತ್ತಿದ್ದರು. ನೇಯ್ದಾಗ ಹೊರಮೈ ನೀಲಿ, ಒಳಮೈ ಬಿಳಿ, ಮೇಲೆ ಓರೆಯಾಗಿ ಹರಿಯುವ ಸಣ್ಣ ಸಣ್ಣ ಗೆರೆ. ನೀಲಿ ಬಣ್ಣ ನೂಲಿನ ಎದೆಯವರೆಗೆ ಇಳಿಯುವುದಿಲ್ಲ. ಹಾಗಾಗಿ ತೊಟ್ಟವನ ಮೊಣಕಾಲು ಎಲ್ಲಿ ಮಡಿಯುತ್ತದೋ ಅಲ್ಲೇ ಬಟ್ಟೆ ಬೆಳ್ಳಗಾಗುತ್ತದೆ. ಕಲ್ಲು ಒಡೆಯುವವನ ಬಟ್ಟೆ ಒಂದು ಥರ ಮಾಸಿದರೆ ಕುದುರೆ ಏರುವವನದು ಇನ್ನೊಂದು ಥರ. ಬಟ್ಟೆ ನೋಡಿಯೇ ಆಳಿನ ಕೆಲಸ ಹೇಳಬಹುದಿತ್ತು.

ಯುವರಾಜನ ಪಟ್ಟಾಭಿಷೇಕ ಹತ್ತಿರ ಬಂತು. ಊರಿಗೆ ಊರೇ ಹೊಸ ಕೋಟು ತೊಡಬೇಕೆಂದು ಡಂಗುರವಾಯಿತು. "ನೆನೆಸುತ್ತ ಕೂತರೆ ಮುಗಿಯುವುದಿಲ್ಲ. ಮೆರವಣಿಗೆಗೆ ಬಟ್ಟೆ ಗರಿಗರಿಯಾಗಿಯೇ ಇರಲಿ," ಎಂದ ಮಂತ್ರಿ. ರಾಜ ತಲೆಯಾಡಿಸಿದ. ನೇಕಾರರು ಹೂಂ ಎಂದರು, ದರ್ಜಿಗಳು ಹೂಂ ಎಂದರು. ದ್ಯಾವಿ ಎಂಬ ದರ್ಜಿಯವಳೂ, ಇದೊಂದು ಸಲ ತಾನೇ ಎಂದುಕೊಂಡು, ತನ್ನ ಗಂಡ ಕಲ್ಲೇಶಿಯ ಕೋಟಿಗೆ ನೆನೆಸದ ಬಟ್ಟೆಯನ್ನೇ ಕತ್ತರಿಸಿದಳು.

ಕಲ್ಲೇಶಿ ಕಲ್ಲುಕುಟಿಗ. ಕೋಟು ತೊಟ್ಟು ಎದೆ ಉಬ್ಬಿಸಿ ನಿಂತ. "ಭುಜ ಎಷ್ಟು ಚೆನ್ನಾಗಿ ಕೂತಿದೆ ನೋಡೇ. ರಾಜನಿಗಿಂತ ನಾನೇ ಚೆನ್ನಾಗಿ ಕಾಣ್ತೀನಿ."

"ಕಾಣ್ತೀಯ, ಕಾಣ್ತೀಯ. ಮೊದಲು ಮೂಗಿನ ಮೇಲಿನ ಕಲ್ಲುಪುಡಿ ಒರೆಸ್ಕೋ," ಎಂದಳು ದ್ಯಾವಿ. ತನಗೆ ಹೊಸದು ಹೊಲಿದುಕೊಳ್ಳಲು ಅವಳಿಗೆ ಹೊತ್ತು ಸಿಗಲಿಲ್ಲ. ಹಳೆಯ ಲಂಗವನ್ನೇ ಉಟ್ಟು ಹೊರಟಳು.

ಊರೆಲ್ಲ ಕಟ್ಟಳೆ ಮುರಿಯುವುದನ್ನೇ ಕಾಯುತ್ತಿದ್ದವನು ಮಾಂತ್ರಿಕ ತಿಮಿರಕ. ರಾಜ್ಯದ ಅಂಚಿನ ಬೆಟ್ಟದ ಮೇಲೆ ಅವನ ಮನೆ. ಮೆರವಣಿಗೆ ರಾಜಬೀದಿಗೆ ಬಂದಾಗ ಅವನು ಬೆಟ್ಟದಿಂದ ಒಂದು ಮೋಡವನ್ನು ಊದಿದ. ತುಂತುರು ಹನಿಯಿತು. ಕೋಟುಗಳೆಲ್ಲ ಕುಗ್ಗತೊಡಗಿದವು, ಕುಗ್ಗುತ್ತಲೇ ಹೋದವು. ಗುಂಡಿ ಬಿಚ್ಚಲು ಬರಲಿಲ್ಲ. ಕತ್ತರಿ ಹಾಕಿದರೆ ಕತ್ತರಿಯೇ ಮುರಿಯಿತು. ರಾಜ ಮೆರವಣಿಗೆಯ ಸಿಂಹಾಸನದಲ್ಲಿ ಮರದ ಬೊಂಬೆಯ ಹಾಗೆ ಸೆಟೆದು ಕೂತ. ಕಲ್ಲೇಶಿ ನೆಲಕ್ಕೆ ಬಿದ್ದು ಉಸಿರಿಗಾಗಿ ಬಾಯಿ ತೆರೆದ.

ಬಣ್ಣದ ಹೊಂಡದ ಯಜಮಾನಿ ಚೆನ್ನಾಜಮ್ಮನೂ ಹಳೆಯ ಬಟ್ಟೆಯಲ್ಲೇ ಇದ್ದಳು. ದ್ಯಾವಿ ಅವಳ ಕಾಲು ಹಿಡಿದಳು.

"ನನ್ನ ಕಾಲು ಯಾಕೆ ಹಿಡೀತೀಯ? ಮಂತ್ರಿಗೆ ಮೊದಲು ಹೂಂ ಅಂದವಳೇ ನಾನು," ಎಂದಳು ಮುದುಕಿ. "ತಿಮಿರಕನ ಮನೆ ಮುಂದೊಂದು ಕೊಳ ಇದೆ. ಆ ನೀರು ಚಿಮುಕಿಸಿದರೆ ಕೋಟು ಸಡಿಲ ಆಗುತ್ತೆ. ನಾಳೆ ಹೊತ್ತು ಮುಳುಗೋದರೊಳಗೆ ಅದನ್ನ ಕೊಡಕ್ಕೆ ತುಂಬಿಕೋಬೇಕು. ಆಮೇಲೆ ತುಂಬಿಕೊಂಡು ಪ್ರಯೋಜನ ಇಲ್ಲ." ಅವಳು ಹಳೆಯ ಪೆಟ್ಟಿಗೆ ತೆಗೆದು, ಎಂದೋ ನೀರು ಕುಡಿಸಿ ಹೊಲಿದಿಟ್ಟ ಮೂರು ಉಡುಪು ಕೊಟ್ಟಳು. "ಒಂದು ದಪ್ಪನೆಯದು, ಒಂದು ತೆಳ್ಳನೆಯದು, ಒಂದು ಹಿಗ್ಗುವಂಥದು. ಯಾವುದು ಎಲ್ಲಿಗೆ ಅಂತ ನಿನಗೆ ಹೇಳಿಕೊಡಬೇಕಾಗಿಲ್ಲ."

ದ್ಯಾವಿ ಕೊಡ ಹೊತ್ತು ಹೊರಟಳು.

ಮೊದಲು ಸಿಕ್ಕಿದ್ದು ಮುಳ್ಳಿನ ಕಾಡು. ಅಲ್ಲಿ ಆನೆಯಷ್ಟು ದೊಡ್ಡ ಮುಳ್ಳುಹಂದಿ ದಾರಿಗೆ ಅಡ್ಡ ಮಲಗಿತ್ತು. ದ್ಯಾವಿ ದಪ್ಪ ಡೆನಿಮ್ಮಿನ ನಿಲುವಂಗಿ ತೊಟ್ಟಳು. ಗಣಿಯವರೂ ಸವಾರರೂ ತೊಡುವಂಥದು, ನೆಲದ ಮೇಲಿಟ್ಟರೆ ತಾನೇ ನಿಲ್ಲುವಂಥದು. ಹಂದಿ ಮೈ ಕೊಡವಿತು. ಮುಳ್ಳುಗಳು ಬಾಣದಂತೆ ಬಂದು ಬಟ್ಟೆಗೆ ನಾಟಿ ಅಲ್ಲೇ ನಿಂತವು. ಒಂದೂ ಚರ್ಮ ಮುಟ್ಟಲಿಲ್ಲ.

"ನೇಯ್ದವರು ಯಾರು?" ಎಂದಿತು ಹಂದಿ.

"ನಮ್ಮೂರವರು."

"ಕೈ ಗಟ್ಟಿ ಇದೆ. ಹೋಗು. ನನ್ನ ಮುಳ್ಳು ಕಿತ್ತಿಟ್ಟು ಹೋಗು, ಮತ್ತೆ ಬೇಕಾಗುತ್ತೆ."

ಮುಳ್ಳುಗಳನ್ನು ಕಿತ್ತು ರಾಶಿ ಹಾಕಿ ದ್ಯಾವಿ ಮುಂದೆ ನಡೆದಳು.

ಎರಡನೆಯದು ಸುಡುವ ಮರಳು. ಅಲ್ಲೊಂದು ಗೂಳಿ ಮೂಗಿನಿಂದ ಕುಲುಮೆಯ ಗಾಳಿ ಬಿಡುತ್ತಿತ್ತು. ದಪ್ಪ ಅಂಗಿಯಲ್ಲಿ ಹತ್ತು ಹೆಜ್ಜೆ ನಡೆದಿದ್ದರೆ ಅವಳು ಬೆಂದೇಹೋಗುತ್ತಿದ್ದಳು. ಅದನ್ನು ಕಳಚಿ ತೆಳು ಡೆನಿಮ್ಮಿನ ಅಂಗಿ ತೊಟ್ಟಳು. ಎಳೆಮಕ್ಕಳ ಅಂಗಿಗೆ, ಬೇಸಿಗೆಯ ರವಿಕೆಗೆ ಬಳಸುವ ಬಟ್ಟೆ ಅದು. ನದಿಯ ಉರುಟುಕಲ್ಲುಗಳ ಜೊತೆ ಹೊರಳಿಸಿ ಒಗೆದು ಮೆತ್ತಗೆ ಮಾಡಿದ್ದು, ಆಕಾಶದ ಬಣ್ಣಕ್ಕೆ ತಿಳಿಯಾದದ್ದು. ಬೆವರು ಹೀರಿತು, ಗಾಳಿ ಆಡಿತು. ಗೂಳಿ ಊದಿದಷ್ಟೂ ಅವಳಿಗೆ ತಂಪಾಯಿತು.

"ಇನ್ನೊಂದು ಸಲ ಊದಪ್ಪ, ಬೆನ್ನ ಕಡೆ ಬರಲಿಲ್ಲ," ಎಂದಳು. ಗೂಳಿ ಮುಖ ತಿರುಗಿಸಿಕೊಂಡು ಕೂತಿತು.

ಮೂರನೆಯದು ತಿಮಿರಕನ ಬೆಟ್ಟದ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಆಳೆತ್ತರ. ಬದಿಯಲ್ಲಿ ದೈತ್ಯ ಉಡವೊಂದು ಮಲಗಿತ್ತು. ಹೊಲಿಗೆ ಹರಿದ ಸದ್ದು ಕೇಳಿದರೆ ಮಾತ್ರ ಅದಕ್ಕೆ ಎಚ್ಚರ. ಹತ್ತಲು ಬಂದವರೆಲ್ಲ ಕಾಲೆತ್ತಿ ಷರಾಯಿ ಹರಿದುಕೊಂಡು ಅದರ ಬಾಯಿಗೆ ಬಿದ್ದಿದ್ದರು. ದ್ಯಾವಿ ಹಿಗ್ಗುವ ಡೆನಿಮ್ಮಿನ ಷರಾಯಿ ತೊಟ್ಟಳು. ಹೊಕ್ಕುನೂಲಿನ ಜೊತೆ ಎಳೆದರೆ ಬಿಟ್ಟುಕೊಡುವ ಎಳೆಯೊಂದನ್ನು ಸೇರಿಸಿ ನೇಯ್ದದ್ದು; ದೊಂಬರು ಲಾಗ ಹಾಕುವಾಗ ತೊಡುವಂಥದು. ಕಾಲು ಎತ್ತಿದಷ್ಟು ಹಿಗ್ಗಿತು, ಇಳಿಸಿದಾಗ ತನ್ನ ಅಳತೆಗೆ ಮರಳಿತು. ಉಡ ಗೊರಕೆ ಹೊಡೆಯುತ್ತಲೇ ಇತ್ತು.

ಬೆಟ್ಟದ ತುದಿಯಲ್ಲಿ ಕೊಳ, ಕೊಳದ ದಂಡೆಯಲ್ಲಿ ತಿಮಿರಕ. ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ.

"ಬಾ ತಾಯಿ. ನೀರು ತಾನೇ? ಕೊಡದ ತುಂಬ ಒಯ್ಯಿ," ಎಂದ ಮಾಂತ್ರಿಕ. "ಅದಕ್ಕೆ ಮೊದಲು ನನಗೊಂದು ಕೋಟು ಕತ್ತರಿಸಿಕೊಡು. ಹೊಲಿಯೋದೂ ಬೇಡ."

ಅವನು ಬಂಡೆಯ ಮೇಲೆ ಹೊಸ ಬಟ್ಟೆಯೊಂದನ್ನು ಹರಡಿ ಪಕ್ಕದಲ್ಲಿ ಕತ್ತರಿ ಇಟ್ಟ. ದ್ಯಾವಿಯ ಕಣ್ಣು ಅಲ್ಲೇ ನಿಂತಿತು. ಕಪ್ಪಿಗೆ ಹತ್ತಿರವಾದ ನೀಲಿ, ಅಂಚಿನುದ್ದಕ್ಕೂ ಒಂದು ಕೆಂಪು ಎಳೆ, ಎಲ್ಲೂ ಗಂಟಿಲ್ಲದ ನೇಯ್ಗೆ. ಬೆರಳಿಟ್ಟರೆ ಓರೆಗೆರೆಗಳು ಒಂದೊಂದಾಗಿ ತಾಕಿದವು. ಅಂಥ ಡೆನಿಮ್ ಅವಳು ಕಂಡಿರಲಿಲ್ಲ.

"ನೆನೆಸಿದ್ದಾ ಇದು?" ಎಂದು ಕೇಳಿದಳು.

"ಇಲ್ಲ."

"ಹಾಗಾದರೆ ನೆನೆಸಿ, ಒಣಗಿಸಿ, ನಾಳೆ ಕತ್ತರಿಸ್ತೀನಿ."

"ನಾಳೆ ನಿನ್ನ ಗಂಡ ಇರ್ತಾನಾ? ನೋಡು ಅಲ್ಲಿ."

ಕೊಳದ ನೀರಿನಲ್ಲಿ ಕಲ್ಲೇಶಿ ಕಂಡ. ತುಟಿ ನೀಲಿಯಾಗಿತ್ತು. ಎದೆ ಏಳುತ್ತಿರಲಿಲ್ಲ, ಬರೀ ನಡುಗುತ್ತಿತ್ತು.

ದ್ಯಾವಿ ಕತ್ತರಿಯನ್ನು ಎತ್ತಿಕೊಂಡಳು. ಬೆರಳುಗಳು ಅದರ ಹಿಡಿಯೊಳಗೆ ತಾವಾಗಿಯೇ ಸೇರಿಕೊಂಡವು.

"ಒಂದು ಗೆರೆ ಕತ್ತರಿಸು ಸಾಕು," ಎಂದ ಮಾಂತ್ರಿಕ ಮೆಲ್ಲಗೆ. "ಮೊನ್ನೆ ಕತ್ತರಿಸಿದ ಕೈಯೇ ಅಲ್ಲವೇ ಇದು? ಇವತ್ತೇನು ಹೊಸ ಮಡಿ?"

"ಅದೇ ಕೈ," ಎಂದಳು ದ್ಯಾವಿ. "ಅದಕ್ಕೇ ಆಗೋದಿಲ್ಲ."

ತಿಮಿರಕ ಯಾರಿಗೂ ಹೇಳದ ಗುಟ್ಟೊಂದಿತ್ತು. ಅವನ ಮಂತ್ರಕ್ಕೆ ಜನರ ಅವಸರವೇ ಆಹಾರ. ಎಲ್ಲರಿಗಿಂತ ಹೆಚ್ಚು ಅವಸರವಿದ್ದವರೇ ಆಗುವುದಿಲ್ಲ ಎಂದರೆ ಆ ಮಂತ್ರ ಉಪವಾಸ ಬಿದ್ದು ಸಾಯುತ್ತಿತ್ತು. ಅಂದು ಹಾಗೆಯೇ ಆಯಿತು. ನಗರದಲ್ಲಿ ಗುಂಡಿಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡವು. ರಾಜ ಕೆಮ್ಮಿದ. ಕಲ್ಲೇಶಿ ಎದ್ದು ಕೂತು ನೀರು ಕೇಳಿದ. ಮಾಂತ್ರಿಕ ಒಂದು ಹಿಡಿ ಬೂದಿಯಾದ. ನೀಲವತಿಯ ಜನ ತಮ್ಮ ತಮ್ಮ ಕೆಲಸಕ್ಕೆ ತಕ್ಕ ಬಟ್ಟೆ ತೊಟ್ಟು ಬಹುಕಾಲ ಸುಖವಾಗಿ ಬಾಳಿದರು.

ಇದೆಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ದ್ಯಾವಿಗೆ ಇದಾವುದೂ ಗೊತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ನೀರಿನಲ್ಲಿ ಗಂಡನ ಮುಖ, ಬೆಟ್ಟದ ಅಂಚಿಗೆ ತಾಗಿದ ಸೂರ್ಯ, ಇಷ್ಟೇ. ಅವಳು ಕತ್ತರಿಯನ್ನು ಬಂಡೆಯ ಮೇಲಿಟ್ಟು, ಆ ಚೆಂದದ ಬಟ್ಟೆಯನ್ನು ಬಾಚಿ ಎತ್ತಿಕೊಂಡು, ಮೊಣಕಾಲೂರಿ, ಎರಡೂ ಕೈಯಿಂದ ನೀರಿನೊಳಗೆ ಅದುಮಿದಳು.