ಪಟ್ಟಿಯ ಐದನೇ ತೂತು

ಮಧ್ಯಾಹ್ನ ಎರಡೂವರೆಗೆ ಫೆರಿ ಹಡಗಿನ ಹಿಂಬದಿಯ ಮೆಟ್ಟಿಲ ಮೇಲೆ ಮೀನುಗಾರ ಡೆಲ್ಬರ್ಟ್ ಮಣಿಕಟ್ಟು ಹಿಡಿದು ಕೂತಿದ್ದ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ತಿರುವಿನಲ್ಲಿ ಎದುರಾದ ಕರಿ ನಾಯಿಯನ್ನು ಸವರಲು ಹೋಗಿ ಕಚ್ಚಿಸಿಕೊಂಡಿದ್ದ. ಅದನ್ನು ಹಿಡಿದವರ ಮುಖ ನೋಡುವಷ್ಟರಲ್ಲಿ ಅವರು ಮಾಯ. ನಾಯಿಯ ಕೆಂಪು ಜಾಕೆಟ್ಟು ಮಾತ್ರ ನೆನಪಿತ್ತು.

"ಹಾಲಿಬಟ್ ಮೀನು ಹಿಡಿಯೋ ಕೈ ಇದು, ನಾಯಿ ಬಿಸ್ಕತ್ತಲ್ಲ," ಎಂದು ಗೊಣಗಿದ.

ಕೆಂಪು ಜಾಕೆಟ್ಟಿನ ಕರಿ ನಾಯಿ ಈ ಹಡಗಿನಲ್ಲಿ ಒಂದೇ. ನಮ್ಮ ಸೇವಾ ನಾಯಿ ಜುನೋ.

ಹಡಗಿನ ಅಧಿಕಾರಿ ಹಾಲ್ವರ್ಸನ್ ಮೇಲಿನ ಡೆಕ್ಕಿಗೆ ಬಂದಾಗ ಮಾರ್ಲಿಸ್ ಚಿಕ್ಕಮ್ಮ ಆಗಷ್ಟೇ ಎದ್ದಿದ್ದಳು. ಕಾಲ ಬಳಿ ಜುನೋ, ಕುರ್ಚಿಯ ಬೆನ್ನಿಗೆ ಜಾಕೆಟ್ಟು. ಚಿಕ್ಕಮ್ಮ ಮಲಗುವ ಹೊತ್ತಿಗೆ ಅದನ್ನು ಬಿಚ್ಚಿಡುತ್ತೇವೆ. ನಾನು ಪಕ್ಕದಲ್ಲಿ ಇರಬೇಕಿತ್ತು. ಡೈರಿ ಹಿಡಿದು ಕಂಬಿಯ ಹತ್ತಿರ ಹೋಗಿದ್ದೆ. ಜುನೋ ಎಲ್ಲೂ ಹೋಗಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ.

ಆರು ಗಂಟೆಗೆ ಕೆಳಗೆ ವಾಹನಗಳ ಅಂತಸ್ತಿನ ಬಾಗಿಲು ತೆರೆದಾಗ ಜುನೋಳನ್ನು ನಮ್ಮ ಮೋಟರ್‌ಹೋಮಿಗೆ ಸೇರಿಸಬೇಕು, ಹೇನ್ಸ್ ಬಂದರು ಬರುವವರೆಗೆ ಎರಡು ದಿನ ಅಲ್ಲೇ ಇರಬೇಕು ಎಂದರು ಅಧಿಕಾರಿ.

"ಹಾಗಾದ್ರೆ ನನ್ನನ್ನೂ ಅಲ್ಲೇ ಕೂಡಿಹಾಕಿ," ಎಂದಳು ಚಿಕ್ಕಮ್ಮ.

ಅದೂ ಆಗುವುದಿಲ್ಲ. ಹಡಗು ಸಾಗುವಾಗ ಅಲ್ಲಿ ಜನ ಇರುವಂತಿಲ್ಲ. ಚಿಕ್ಕಮ್ಮನಿಗೆ ಮೂರ್ಛೆ ರೋಗ. ಅದು ಬರುವ ಕೆಲವು ನಿಮಿಷ ಮೊದಲು ಜುನೋ ನನ್ನ ಮಂಡಿಯನ್ನು ಮೂಗಿನಿಂದ ತಿವಿಯುತ್ತಾಳೆ. ಅವಳಿಲ್ಲದ ಒಂದು ದಿನ ಚಿಕ್ಕಮ್ಮನ ತಲೆ ಒಲೆಯ ಅಂಚಿಗೆ ಬಡಿದಿತ್ತು. ಸುತ್ತ ನೀರು. ಇಳಿಯಲು ಜಾಗವಿಲ್ಲ.

ಹಡಗಿನಲ್ಲೇ ಪರಿಚಯವಾದ ನಿವೃತ್ತ ಟೀಚರ್ ವರ್ನಾ ನಿನ್ನೆಯಂತೆ ಇವತ್ತೂ ಕೋಕೋ ತಂದುಕೊಟ್ಟು ಚಿಕ್ಕಮ್ಮನ ಬೆನ್ನು ಸವರಿದರು.

*

ಜುನೋಗೆ ಜಾಕೆಟ್ಟು ತೊಡಿಸಿದೆ. ಹೊಟ್ಟೆಪಟ್ಟಿ ಜೋತುಬಿತ್ತು. ಅದನ್ನು ನಾನು ಸಿಕ್ಕಿಸುವುದು ಮೂರನೇ ತೂತಿಗೆ. ಈಗ ಐದನೆಯದರಲ್ಲಿತ್ತು.

ಈ ಜಾಕೆಟ್ಟನ್ನು ದೊಡ್ಡ ಎದೆಯ ಇನ್ನೊಂದು ನಾಯಿ ತೊಟ್ಟಿದೆ.

ಅಧಿಕಾರಿಯ ಮುಂದೆ ನಿಂತಾಗ ನಾಲಿಗೆ ಹೊರಳಲಿಲ್ಲ. ಡೈರಿಯ ಹಾಳೆ ಹರಿದು ಬರೆದುಕೊಟ್ಟೆ: ಮೇಲೆ ಬಿಡುವುದು ಸೇವಾ ನಾಯಿಯನ್ನು ಮಾತ್ರ, ಬೇರೆ ನಾಯಿಗಳೆಲ್ಲ ಕೆಳಗೆ ವಾಹನಗಳಲ್ಲಿವೆ. ಎರಡು ಗಂಟೆಗೆ ಬಾಗಿಲು ಹದಿನೈದು ನಿಮಿಷ ತೆರೆದಾಗ ಯಾರೋ ತಮ್ಮ ನಾಯಿಗೆ ಈ ಜಾಕೆಟ್ಟು ಹಾಕಿ ಮೇಲೆ ತಂದಿದ್ದಾರೆ. ಕಾವಲಿನವನು ಜುನೋ ಎಂದುಕೊಂಡು ಬಿಟ್ಟಿದ್ದಾನೆ. ಕಚ್ಚಿದ ಗದ್ದಲದಲ್ಲಿ ಜಾಕೆಟ್ಟು ಕುರ್ಚಿಗೆ ಮರಳಿದೆ. ಆಮೇಲೆ ಬಾಗಿಲು ತೆರೆದಿಲ್ಲ. ಆ ನಾಯಿ ಇನ್ನೂ ಮೇಲೆಯೇ ಇದೆ. ಕೆಳಗೆ ಒಯ್ಯಲು ಮತ್ತೆ ಜಾಕೆಟ್ಟು ಬೇಕೇಬೇಕು.

ಹಾಲ್ವರ್ಸನ್ ಎರಡು ಸಲ ಓದಿದರು. "ನೀನು ಮಾತಾಡೋದೇ ಇಲ್ವಾ?"

ತಲೆ ತಗ್ಗಿಸಿದೆ.

*

ಬಾಗಿಲು ತೆರೆಯುವ ಆರು ಗಂಟೆಯ ಕರೆ ಮೊಳಗಿತು. ಜುನೋ ಮತ್ತು ಚಿಕ್ಕಮ್ಮ ಅಧಿಕಾರಿಯ ಕೋಣೆಯಲ್ಲಿದ್ದರು. ಜಾಕೆಟ್ಟು ಕುರ್ಚಿಯ ಮೇಲಿತ್ತು. ರಾತ್ರಿ ಮಲಗಲೆಂದು ಡೆಕ್ಕಿಗೆ ಟೇಪು ಹಚ್ಚಿ ನಿಲ್ಲಿಸಿದ ನನ್ನ ಗುಡಾರದೊಳಗೆ ನಾನೂ ಹಾಲ್ವರ್ಸನ್‌ರೂ ಮಂಡಿಯೂರಿದ್ದೆವು.

ಮೊದಲು ಕಂಡದ್ದು ಕೋಕೋ ಲೋಟ. ಅದನ್ನು ನೆಲಕ್ಕಿಟ್ಟು ವರ್ನಾ ಜಾಕೆಟ್ಟನ್ನು ಕೋಟಿನೊಳಗೆ ತುರುಕಿಕೊಂಡರು.

ಹಿಂದೆಯೇ ಹೋದೆವು. ಅವರ ಕ್ಯಾಬಿನ್ನಿನ ಮಂಚದಡಿ ಮುದಿ ಕರಿ ನಾಯಿ ಬೂನ್ ನಡುಗುತ್ತಿತ್ತು. ಪಟ್ಟಿ ಅದಕ್ಕೆ ಐದನೇ ತೂತಿಗೆ ಸರಿಯಾಗಿ ಕೂತಿತು.

"ಕೆಳಗಿನ ಕತ್ತಲೆ ಅವನಿಗೆ ಆಗಲ್ಲ ಕಣಮ್ಮ," ಎಂದರು ವರ್ನಾ ನನಗೆ. "ಲಾರಿಗಳ ಮಧ್ಯೆ ಒಬ್ಬನೇ. ಎದೆ ಒಡೆದು ಸತ್ತೇ ಹೋಗ್ತಾನೆ ಅನ್ನಿಸ್ತು."

"ನನ್ನ ಚಿಕ್ಕಮ್ಮ?" ಅಂದೆ. ಇಡೀ ದಿನದಲ್ಲಿ ನಾನು ಗಟ್ಟಿಯಾಗಿ ಆಡಿದ್ದು ಅಷ್ಟೇ.

ವರ್ನಾ ಬಾಗಿ ಜಾಕೆಟ್ಟು ಬಿಚ್ಚಿ ನನ್ನ ಕೈಗಿತ್ತರು. ಬೂನ್ ಕೆಳಗೆ ಹೋಯಿತು. ಬಾಗಿಲು ಮುಚ್ಚಿತು.

ಎಂಟು ಗಂಟೆಗೆ ಇನ್ನೂ ಬೆಳಕಿತ್ತು. ಜುನೋ ನನ್ನ ಮಂಡಿ ತಿವಿದಳು. ಚಿಕ್ಕಮ್ಮನನ್ನು ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಆಮೇಲೆ ಮೂರ್ಛೆ ಬಂತು, ಹೋಯಿತು.

ಕಣ್ಣು ಬಿಟ್ಟವಳು ಜುನೋಳ ಕಿವಿ ಹಿಡಿದುಕೊಂಡಳು. "ಕೆಳಗೆ ಆ ಮುದುಕ ಬೂನ್ ಹತ್ರ ಯಾರಿದ್ದಾರೆ?"

ಯಾರೂ ಇಲ್ಲ, ಬಾಗಿಲು ಮತ್ತೆ ತೆರೆಯುವುದು ಬೆಳಿಗ್ಗೆ ಏಳಕ್ಕೆ. ಅದನ್ನು ಹೇಳಲು ಮತ್ತೆ ನನ್ನ ನಾಲಿಗೆ ಹೊರಳಲಿಲ್ಲ.